ರಕ್ತದಲ್ಲಿ ಸೇರುವ ಲೋಹಗಳು ಮತ್ತು ಶ್ವಾಸಕೋಶದ ಕ್ಯಾನ್ಸರ್: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುವ ರೋಗಿಗಳ ರಕ್ತವನ್ನು ಪರೀಕ್ಷೆಗೆ ಒಳಪಡಿಸಿದಾಗ ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್ ಮುಂತಾದ ಲೋಹಗಳು ಆರೋಗ್ಯವಂತರ ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡುಬಂದಿವೆಯೆಂದು ಹಲವು ದೇಶಗಳ ವೈದ್ಯರು ವರದಿ ಮಾಡಿದ್ದಾರೆ. ಈ ಸುದ್ದಿ ಹಳ್ಳಿಯನ್ನು ತಲುಪುವ ಹೊತ್ತಿಗೆ ಬೇರೊಂದು ರೂಪವನ್ನು ತಾಳುತ್ತದೆ. ರಕ್ತ ಕೆಟ್ಟಿದೆ, ಶುದ್ಧಿ ಮಾಡಿಸಬೇಕು ಎಂದು ಸಂತೆಯಲ್ಲಿ ಬಾಟಲಿ ಮಾರುವವನು ಹೇಳುತ್ತಾನೆ. ಸಾವಿರಾರು ರೂಪಾಯಿ ತೆತ್ತು ಲೋಹದ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಇನ್ನೊಬ್ಬನು ಹೇಳುತ್ತಾನೆ. ಕೆಮ್ಮು ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಲೋಹಗಳು ರಕ್ತಕ್ಕೆ ಯಾವ ದಾರಿಯಿಂದ ಬರುತ್ತವೆ, ಆ ದಾರಿಗಳಲ್ಲಿ ನಿಮ್ಮ ಮನೆಯ ಮುಂದೆ ಹಾದುಹೋಗುವುದು ಯಾವುದು, ಅದನ್ನು ಮುಚ್ಚುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಗಂಡ ಹೆಂಡಿರಿಬ್ಬರೂ ಕುಳಿತು ಇದನ್ನು ಓದಬೇಕೆಂದು ಕೋರುತ್ತೇವೆ. ಓದಲು ತೊಡಕಾದರೆ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿ ಕೇಳಬಹುದು. ಒಬ್ಬರು ಓದಿ ಇನ್ನೊಬ್ಬರಿಗೆ ಬುದ್ಧಿ ಹೇಳುವುದಕ್ಕಿಂತ ಇಬ್ಬರೂ ಒಟ್ಟಿಗೆ ಕೇಳುವುದು ಮೇಲು.

ಭಾರಲೋಹಗಳೆಂದರೆ ಯಾವುವು?

ಕಬ್ಬಿಣ, ಸತು, ತಾಮ್ರ ಇವು ನಮ್ಮ ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಆದರೆ ಕ್ಯಾಡ್ಮಿಯಂ, ಸೀಸ, ಪಾದರಸ, ಆರ್ಸೆನಿಕ್ ಇವುಗಳಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಕರೆಯುತ್ತಿದ್ದ ವಿಷದ ಮೂಲವಸ್ತು. ಇವುಗಳನ್ನು ಅಳೆಯುವ ಮಾನವೂ ಅತಿ ಸೂಕ್ಷ್ಮವಾದುದು. ಒಂದು ಗ್ರಾಂ ತೂಕವನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಮೈಕ್ರೋಗ್ರಾಂ ಎಂದು ಹೆಸರು. ಹೊಗೆ ಸೇದದ ವ್ಯಕ್ತಿಯ ಒಂದು ಲೀಟರ್ ರಕ್ತದಲ್ಲಿ ಕ್ಯಾಡ್ಮಿಯಂ ಸಾಮಾನ್ಯವಾಗಿ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಇರುತ್ತದೆ. ಹೊಗೆ ಸೇದುವವರಲ್ಲಿ ಅದು ಹಲವು ಪಟ್ಟು ಏರಿರುತ್ತದೆ. ಇಷ್ಟು ಅಲ್ಪವಾದ ವಸ್ತುವಿನಿಂದ ಏನಾದೀತು ಎಂದು ನೀವು ಕೇಳಬಹುದು. ಒಂದು ದಿನದಲ್ಲಿ ಏನೂ ಆಗುವುದಿಲ್ಲ. ಆದರೆ ಕ್ಯಾಡ್ಮಿಯಂ ಒಮ್ಮೆ ಮೂತ್ರಪಿಂಡಗಳಲ್ಲಿ ನೆಲೆಸಿತೆಂದರೆ ಅದರ ಅರ್ಧಭಾಗ ಹೊರಹೋಗಲು ಹತ್ತರಿಂದ ಮೂವತ್ತು ವರ್ಷಗಳೇ ಬೇಕಾಗುತ್ತವೆ. ದಿನದ ಲೆಕ್ಕದಲ್ಲಿ ಚಿಲ್ಲರೆಯಾಗಿ ಕಾಣುವುದು ಆಯುಷ್ಯದ ಲೆಕ್ಕದಲ್ಲಿ ಗಂಟಾಗುತ್ತದೆ.

ನಮ್ಮ ದೇಹದ ಜೀವಕೋಶಗಳು ದಿನವೂ ಸವೆಯುತ್ತವೆ, ಒಡೆಯುತ್ತವೆ. ಅವುಗಳನ್ನು ರಿಪೇರಿ ಮಾಡುವ ವ್ಯವಸ್ಥೆಯೂ ಒಳಗೇ ಇದೆ. ಹರಿದ ಕಂಬಳಿಗೆ ಹೊಲಿಗೆ ಹಾಕುವವನೊಬ್ಬನು ಸದಾ ಪಕ್ಕದಲ್ಲಿ ಕುಳಿತಿರುವಂತೆ ಎಂದು ತಿಳಿಯಿರಿ. ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಆ ಹೊಲಿಯುವವನ ಕೈಗಳನ್ನು ಕಟ್ಟಿಹಾಕುತ್ತವೆ. ತಂಬಾಕಿನ ಹೊಗೆಯಲ್ಲಿರುವ ಇತರ ವಿಷಗಳು ಕಂಬಳಿಯನ್ನು ಹರಿಯುತ್ತಿರುವಾಗಲೇ ಹೊಲಿಯುವವನ ಕೈ ಕಟ್ಟಿದರೆ ಗತಿಯೇನು? ಸರಿಪಡಿಸದೆ ಉಳಿದ ಜೀವಕೋಶವೊಂದು ಅಂಕೆ ಮೀರಿ ಬೆಳೆಯತೊಡಗುವುದೇ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1993ರಲ್ಲಿ ಕ್ಯಾಡ್ಮಿಯಂ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆರ್ಸೆನಿಕ್, ನಿಕ್ಕಲ್‌ನ ಸಂಯುಕ್ತಗಳು ಮತ್ತು ಒಂದು ಬಗೆಯ ಕ್ರೋಮಿಯಂ ಕೂಡ ಇದೇ ಪಟ್ಟಿಯಲ್ಲಿವೆ.

ಹೊಗೆಸೊಪ್ಪಿನ ದಾರಿ

ಹೊಗೆಸೊಪ್ಪಿನ ಗಿಡಕ್ಕೆ ಒಂದು ವಿಶೇಷ ಗುಣವಿದೆ. ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಅನ್ನು ಅದು ಬೇರಿನಿಂದ ಹೀರಿ ಎಲೆಗಳಲ್ಲಿ ಕೂಡಿಡುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ಸೊಪ್ಪಿರಲಿ, ನಿಪ್ಪಾಣಿಯ ಕಡೆಯ ಬೀಡಿ ತಂಬಾಕಿರಲಿ, ಗಿಡದ ಸ್ವಭಾವ ಒಂದೇ. ಮಣ್ಣಿಗೆ ಈ ಲೋಹ ಬರುವುದು ಮುಖ್ಯವಾಗಿ ನೆಲದ ಕಲ್ಲಿನಿಂದ. ಸ್ವಲ್ಪ ಭಾಗ ರಂಜಕದ ಗೊಬ್ಬರದಿಂದಲೂ ಬರುತ್ತದೆ. ಇದರಲ್ಲಿ ಬೆಳೆಗಾರನ ದೋಷವೇನೂ ಇಲ್ಲ. ಆದರೆ ಎಲೆಯನ್ನು ಸುಟ್ಟು ಹೊಗೆಯನ್ನು ಎದೆಗೆ ಎಳೆದುಕೊಂಡಾಗ ಎಲೆ ಕೂಡಿಟ್ಟಿದ್ದು ಎಳೆದವನಿಗೆ ಸೇರುತ್ತದೆ.

ಒಂದು ಸಿಗರೇಟಿನಲ್ಲಿ ಸುಮಾರು 1ರಿಂದ 2 ಮೈಕ್ರೋಗ್ರಾಂ ಕ್ಯಾಡ್ಮಿಯಂ ಇದ್ದು, ಅದರ ಹತ್ತನೆಯ ಒಂದು ಪಾಲಿನಷ್ಟು ಸೇದುವವನ ಒಳಗೆ ಹೋಗುತ್ತದೆ. ಊಟದಲ್ಲಿಯೂ ಅಲ್ಪಸ್ವಲ್ಪ ಕ್ಯಾಡ್ಮಿಯಂ ಇರುತ್ತದೆಯಲ್ಲವೇ ಎಂದರೆ, ಇರುತ್ತದೆ. ಆದರೆ ಉಂಡದ್ದರಲ್ಲಿ ನೂರಕ್ಕೆ ಐದಾರು ಪಾಲು ಮಾತ್ರ ಕರುಳಿನಿಂದ ರಕ್ತಕ್ಕೆ ಸೇರಿ, ಉಳಿದುದು ಮಲದೊಡನೆ ಹೊರಹೋಗುತ್ತದೆ. ಶ್ವಾಸಕೋಶದಲ್ಲಿ ಹಾಗಲ್ಲ. ಅಲ್ಲಿನ ಗಾಳಿಚೀಲಗಳ ಗೋಡೆ ಬಹು ತೆಳುವು. ಒಳಗೆ ಬಂದ ಕ್ಯಾಡ್ಮಿಯಂನಲ್ಲಿ ಅರ್ಧದವರೆಗೂ ರಕ್ತಕ್ಕೆ ದಾಟಿಬಿಡುತ್ತದೆ. ಬೀಡಿ ಸಿಗರೇಟಿಗಿಂತ ಚಿಕ್ಕದು, ಆದ್ದರಿಂದ ನಿರಪಾಯವೆಂದು ಹಲವರು ನಂಬಿದ್ದಾರೆ. ಇದು ತಪ್ಪು. ಬೀಡಿ ಆರಿಹೋಗದಂತೆ ಮೇಲಿಂದ ಮೇಲೆ, ಆಳವಾಗಿ ಎಳೆಯಬೇಕಾಗುತ್ತದೆ. ಬೀಡಿ ಸೇದುವವರಲ್ಲಿಯೂ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂಬುದು ನಮ್ಮ ದೇಶದಲ್ಲಿಯೇ ಕಂಡುಬಂದಿರುವ ಸಂಗತಿ.

ಇನ್ನು ಪಕ್ಕದಲ್ಲಿರುವ ಹೆಂಡತಿಯ ವಿಷಯ. ಜಪಾನ್ ದೇಶದ ತಕೇಶಿ ಹಿರಾಯಾಮ ಎಂಬ ವೈದ್ಯ ವಿಜ್ಞಾನಿಯು 1966ರಿಂದ ಹದಿನಾಲ್ಕು ವರ್ಷಗಳ ಕಾಲ, ತಾವು ಎಂದೂ ಹೊಗೆ ಸೇದದ 91,540 ಮಂದಿ ವಿವಾಹಿತ ಸ್ತ್ರೀಯರ ಆರೋಗ್ಯವನ್ನು ಗಮನಿಸಿ 1981ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದನು. ದಿನಕ್ಕೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವ ಗಂಡಂದಿರ ಹೆಂಡತಿಯರಲ್ಲಿ, ಸೇದದವರ ಹೆಂಡತಿಯರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾವು ಸಂಭವಿಸಿತ್ತು. ತಂಬಾಕು ವ್ಯಾಪಾರಿಗಳು ಈ ಫಲಿತಾಂಶವನ್ನು ಅಲ್ಲಗಳೆಯಲು ಬಹಳ ಪ್ರಯತ್ನಪಟ್ಟರು. ಆದರೆ ಅನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಮನೆಯೊಳಗಿನ ಹೊಗೆಯಿಂದ ಸೇದದವರಿಗೂ ಅಪಾಯವುಂಟೆಂಬುದನ್ನು ಎತ್ತಿಹಿಡಿದವು. ಹೊಗೆಸೊಪ್ಪಿನ ತುದಿ ತಾನಾಗಿ ಉರಿಯುತ್ತಿರುವಾಗ ಏಳುವ ಹೊಗೆಯಲ್ಲಿಯೂ ಕ್ಯಾಡ್ಮಿಯಂ ಇರುತ್ತದೆ. ಅದು ತೊಟ್ಟಿಲಿನವರೆಗೂ ಹೋಗುತ್ತದೆ. ಜಗುಲಿಗೆ ಹೋಗಿ ಸೇದುವುದರಿಂದ ಮನೆಯವರಿಗೆ ಸ್ವಲ್ಪ ಅನುಕೂಲವಾದೀತು; ಸೇದುವವನಿಗೆ ಏನೇನೂ ಅನುಕೂಲವಿಲ್ಲ.

ಸೇದುವುದಿಲ್ಲ, ಎಲೆಯಡಿಕೆಯ ಜೊತೆಗೆ ಹೊಗೆಸೊಪ್ಪನ್ನು ಅಗಿಯುತ್ತೇನೆ ಅಷ್ಟೆ, ಕಡ್ಡಿಪುಡಿ ಹಾಕಿಕೊಳ್ಳುತ್ತೇನೆ ಅಷ್ಟೆ ಎನ್ನುವ ತಾಯಂದಿರೂ ಇದ್ದಾರೆ. ಅದರಿಂದ ಬರುವುದು ಹೆಚ್ಚಾಗಿ ಬಾಯಿಯ ಕ್ಯಾನ್ಸರ್. ಗರ್ಭಿಣಿಯಾಗಿರುವಾಗ ಅಗಿದರೆ ಮಗುವಿನ ಬೆಳವಣಿಗೆಯೂ ಕುಂದುತ್ತದೆ.

ರಕ್ತ ಪರೀಕ್ಷೆ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ?

ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಲೋಹ ಹೆಚ್ಚಿದೆಯೆಂದ ಮಾತ್ರಕ್ಕೆ ಆ ಲೋಹವೇ ಕ್ಯಾನ್ಸರ್ ತಂದಿತೆಂದು ಹೇಳಲಾಗದು. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಇಪ್ಪತ್ತು ವರ್ಷ ಬೀಡಿ ಸೇದಿದವನ ರಕ್ತದಲ್ಲಿ ಕ್ಯಾಡ್ಮಿಯಂ ಹೆಚ್ಚಿರುತ್ತದೆ. ಅವನಿಗೆ ಕ್ಯಾನ್ಸರ್ ಬರುವ ಸಂಭವವೂ ಹೆಚ್ಚಿರುತ್ತದೆ. ಇಲ್ಲಿ ಲೋಹವು ಬೀಡಿಯ ಹೆಜ್ಜೆ ಗುರುತೂ ಆಗಿರಬಹುದು, ರೋಗದ ಕಾರಣಗಳಲ್ಲಿ ಒಂದೂ ಆಗಿರಬಹುದು. ಮತ್ತೆ ಕೆಲವು ಲೋಹಗಳು ರೋಗ ಬಂದ ಮೇಲೆ ಏರುಪೇರಾಗುತ್ತವೆ. ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ತಾಮ್ರ ಹೆಚ್ಚಾಗಿ ಸತು ಕಡಿಮೆಯಾಗಿರುವುದು ಅನೇಕ ವೇಳೆ ಕಂಡುಬರುತ್ತದೆ. ಇದು ರೋಗದ ಎದುರು ದೇಹವು ತೋರುವ ಪ್ರತಿಕ್ರಿಯೆಯ ಫಲವೇ ಹೊರತು ತಾಮ್ರದ ಪಾತ್ರೆಯ ತಪ್ಪಲ್ಲ. ಆದುದರಿಂದ ಇದನ್ನು ಓದಿ ತಾಮ್ರದ ಬಿಂದಿಗೆಯನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ.

ಹಾಗಾದರೆ ಕಾರಣ ಯಾವುದೆಂದು ತಿಳಿಯುವುದು ಹೇಗೆ? ರೋಗ ಬರುವುದಕ್ಕೆ ಮೊದಲೇ ಅಳೆದಿಟ್ಟು, ವರ್ಷಗಟ್ಟಲೆ ಕಾದು ನೋಡಬೇಕು. ಬೆಲ್ಜಿಯಂ ದೇಶದಲ್ಲಿ ಸತುವಿನ ಅದಿರನ್ನು ಕರಗಿಸುವ ಕಾರ್ಖಾನೆಗಳಿಂದ ಸುತ್ತಲಿನ ಮಣ್ಣಿಗೆ ಕ್ಯಾಡ್ಮಿಯಂ ಸೇರಿದ್ದ ಒಂದು ಪ್ರದೇಶವಿದೆ. ಅಲ್ಲಿಯವರೂ, ಮಾಲಿನ್ಯ ಕಡಿಮೆಯಿದ್ದ ಪ್ರದೇಶದವರೂ ಸೇರಿ 994 ಮಂದಿಯ ರಕ್ತವನ್ನೂ ಮೂತ್ರವನ್ನೂ 1985ರಿಂದ 1989ರ ನಡುವೆ ಪರೀಕ್ಷಿಸಿ, 2004ರವರೆಗೆ ಅವರ ಆರೋಗ್ಯವನ್ನು ಗಮನಿಸಲಾಯಿತು. ವಯಸ್ಸು, ಧೂಮಪಾನ ಮುಂತಾದುವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮೂತ್ರದಲ್ಲಿ ಕ್ಯಾಡ್ಮಿಯಂ ಇಮ್ಮಡಿಯಾದಂತೆ ಶ್ವಾಸಕೋಶದ ಕ್ಯಾನ್ಸರ್‌ನ ಸಂಭವ ಸುಮಾರು 1.7 ಪಟ್ಟು ಏರಿತ್ತು. ಲೋಹವು ಬರಿಯ ಹೆಜ್ಜೆ ಗುರುತಲ್ಲ, ತಾನೂ ಕೇಡು ಮಾಡುತ್ತದೆ ಎಂಬ ನಂಬಿಕೆಗೆ ಇಂತಹ ಅಧ್ಯಯನಗಳಿಂದ ಬಲ ಬಂದಿದೆ.

ಇಲ್ಲಿ ಮೂತ್ರವನ್ನು ಏಕೆ ಪರೀಕ್ಷಿಸಿದರೆಂಬುದೂ ತಿಳಿಯತಕ್ಕ ವಿಷಯ. ರಕ್ತವು ಮುಖ್ಯವಾಗಿ ಇತ್ತೀಚಿನ ತಿಂಗಳುಗಳ ಕ್ಯಾಡ್ಮಿಯಂ ಲೆಕ್ಕವನ್ನು ಹೇಳಿದರೆ, ಮೂತ್ರವು ಹಲವು ವರ್ಷಗಳ ಲೆಕ್ಕವನ್ನು ಹೇಳುತ್ತದೆ. ಆರ್ಸೆನಿಕ್ ಅಂತೂ ರಕ್ತದಲ್ಲಿ ಬಹಳ ಹೊತ್ತು ನಿಲ್ಲುವುದೇ ಇಲ್ಲ. ಅದು ಕೂದಲಿನಲ್ಲಿ, ಉಗುರಿನಲ್ಲಿ ಉಳಿಯುತ್ತದೆ. ಸೀಸ ಮೂಳೆಯಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ಒಂದೇ ಒಂದು ರಕ್ತ ಪರೀಕ್ಷೆಯಿಂದ ನಿಮಗೆ ಕ್ಯಾನ್ಸರ್ ಇದೆಯೆಂದಾಗಲಿ, ಇಲ್ಲವೆಂದಾಗಲಿ, ಮುಂದೆ ಬರುತ್ತದೆಂದಾಗಲಿ ಯಾವ ವೈದ್ಯನೂ ಹೇಳಲಾರನು. ಲೋಹದ ಕಾರ್ಖಾನೆಯಲ್ಲಿ ದುಡಿಯುವವರಿಗೆ ಅಥವಾ ವೈದ್ಯರು ವಿಶೇಷ ಕಾರಣದಿಂದ ಬರೆದುಕೊಟ್ಟವರಿಗೆ ಈ ಪರೀಕ್ಷೆ ಅಗತ್ಯವಾಗಬಹುದು. ಉಳಿದವರು ಇದಕ್ಕಾಗಿ ಸಾಲ ಮಾಡಬಾರದು.

ರಕ್ತಶುದ್ಧಿಯ ಹೆಸರಿನಲ್ಲಿ ಮಾರುವ ಬಾಟಲಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹೆಸರು, ವಿಳಾಸ, ಪರವಾನಗಿ ಇಲ್ಲದ ಕೆಲವು ಭಸ್ಮಗಳಲ್ಲಿ ಸೀಸ, ಪಾದರಸಗಳೇ ಸೇರಿರುವುದು ಪತ್ತೆಯಾಗಿದೆ. ಲೋಹವನ್ನು ತೆಗೆಯುವೆನೆಂದು ಲೋಹವನ್ನೇ ಕುಡಿಸಿದಂತಾಗುತ್ತದೆ.

ನೀರಿನ ದಾರಿ

ಕೆಲವು ಊರುಗಳಲ್ಲಿ ಆರ್ಸೆನಿಕ್ ಕೊಳವೆ ಬಾವಿಯ ನೀರಿನೊಡನೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ರಾಜ್ಯದ ಯಾದಗಿರಿ ಜಿಲ್ಲೆಯ ಸುರಪುರ ಭಾಗದಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಹಳೆಯ ಚಿನ್ನದ ಗಣಿಗಾರಿಕೆಯ ಪ್ರದೇಶವದು. ಅಲ್ಲಿನ ನೀರು, ಮಣ್ಣು, ಜನರ ಕೂದಲು ಮತ್ತು ಉಗುರುಗಳನ್ನು ಪರೀಕ್ಷಿಸಿದ ವರದಿಯೊಂದು 2013ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯು ಒಂದು ಲೀಟರ್ ಕುಡಿಯುವ ನೀರಿನಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದೆಂದು ಹೇಳುತ್ತದೆ. ಪರೀಕ್ಷಿಸಿದ 59 ಕೊಳವೆ ಬಾವಿಗಳ ನೀರಿನಲ್ಲಿ ನೂರಕ್ಕೆ 79ರಷ್ಟು ಈ ಮಿತಿಯನ್ನು ಮೀರಿದ್ದವು. ಒಂದರಲ್ಲಿ 303 ಮೈಕ್ರೋಗ್ರಾಂ ಇತ್ತು. ಪರೀಕ್ಷೆಗೆ ಒಳಗಾದ 181 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಅಂಗೈ ಅಂಗಾಲುಗಳಲ್ಲಿ ಕಾಳಿನಂತಹ ಗಡಸು ಗಂಟುಗಳು, ಎದೆ ಬೆನ್ನುಗಳ ಮೇಲೆ ಮಳೆಹನಿ ಬಿದ್ದಂತಹ ಕಪ್ಪು ಬಿಳಿ ಚುಕ್ಕೆಗಳು ಆರ್ಸೆನಿಕ್‌ನ ಲಕ್ಷಣಗಳು. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ.

ಚರ್ಮದ ಮೇಲೆ ಕಾಣುವುದು ಮೊದಲ ಗುರುತು ಮಾತ್ರ. ಶ್ವಾಸಕೋಶಕ್ಕೆ ತಗುಲುವ ಪೆಟ್ಟು ಬಹಳ ತಡವಾಗಿ ಹೊರಬೀಳುತ್ತದೆ. ನೀರಿಗೂ ಶ್ವಾಸಕೋಶಕ್ಕೂ ಏನು ಸಂಬಂಧ ಎನ್ನುವವರು ದಕ್ಷಿಣ ಅಮೆರಿಕದ ಚಿಲಿ ದೇಶದ ಆಂಟೊಫಗಾಸ್ತ ನಗರದ ಕಥೆಯನ್ನು ಕೇಳಬೇಕು. ಆ ಮರುಭೂಮಿಯ ನಗರಕ್ಕೆ 1958ರಲ್ಲಿ ಬೆಟ್ಟದ ನದಿಯಿಂದ ಹೊಸ ನೀರು ತರಲಾಯಿತು. ಜನರಿಗೆ ಸಂತೋಷವಾಯಿತು. ಆದರೆ ಆ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. 1970ರಲ್ಲಿ ನೀರನ್ನು ಶುದ್ಧೀಕರಿಸುವ ಘಟಕ ಸ್ಥಾಪನೆಯಾಗಿ ಆರ್ಸೆನಿಕ್ ಬಹುಮಟ್ಟಿಗೆ ಇಳಿಯಿತು. ಕೆಟ್ಟ ನೀರು ಕುಡಿದದ್ದು ಹನ್ನೆರಡು ವರ್ಷ ಮಾತ್ರ. ಆದರೂ ಆ ಪ್ರದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದಾಗುವ ಸಾವುಗಳು ಏರುತ್ತಲೇ ಹೋಗಿ, ನೀರು ಶುದ್ಧವಾದ ಇಪ್ಪತ್ತು ವರ್ಷಗಳ ಮೇಲೆ, 1992ರಿಂದ 1994ರ ಸುಮಾರಿಗೆ ಶಿಖರವನ್ನು ಮುಟ್ಟಿದವು. ತಾಯಿಯ ಗರ್ಭದಲ್ಲಿದ್ದಾಗಲೇ ಆ ನೀರಿಗೆ ಸಿಕ್ಕಿದ ಮಕ್ಕಳು ದೊಡ್ಡವರಾಗಿ 30ರಿಂದ 49ರ ವಯಸ್ಸಿಗೆ ಬಂದಾಗ, ದೇಶದ ಇತರ ಭಾಗದವರಿಗಿಂತ ಸುಮಾರು ಆರು ಪಟ್ಟು ಹೆಚ್ಚಾಗಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಮೃತಪಟ್ಟರು. ಆ ತಾಯಂದಿರು ಕುಡಿದದ್ದು ನಲ್ಲಿಯ ನೀರನ್ನು. ಅವರಿಗೆ ಯಾರೂ ಹೇಳಿರಲಿಲ್ಲ.

ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆರ್ಸೆನಿಕ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಹಳೆಯ ಗಣಿಯ ಸುತ್ತಮುತ್ತ ವಾಸಿಸುವವರು, ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಮೇಲೆ ಹೇಳಿದ ಚರ್ಮದ ಗುರುತುಗಳಿರುವವರು, ಗ್ರಾಮ ಪಂಚಾಯಿತಿಯ ಮೂಲಕ ನೀರಿನ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸಿ, ಆರ್ಸೆನಿಕ್‌ನ ಪರೀಕ್ಷೆಯನ್ನೇ ಮಾಡಬೇಕೆಂದು ಬರೆದು ಕೇಳಬೇಕು. ಸುಮ್ಮನೆ ನೀರು ಪರೀಕ್ಷೆ ಎಂದರೆ ಇದು ಸೇರದೆ ಇರಬಹುದು. ಫಲಿತಾಂಶ ಬರುವವರೆಗೆ ಗರ್ಭಿಣಿಗೂ ಮಕ್ಕಳಿಗೂ ಬೇರೆ ಮೂಲದ ನೀರನ್ನು ಕೊಡುವುದು ಉತ್ತಮ.

ತಾಯಿ ಮತ್ತು ಮಗು

ಗರ್ಭದಲ್ಲಿರುವ ಮಗುವಿಗೂ ತಾಯಿಗೂ ನಡುವೆ ಮಾಸು ಇರುತ್ತದೆ. ಕ್ಯಾಡ್ಮಿಯಂ ಅನ್ನು ಮಾಸು ಬಹುಮಟ್ಟಿಗೆ ತಡೆದು ತನ್ನಲ್ಲಿಯೇ ಇಟ್ಟುಕೊಳ್ಳುತ್ತದೆ. ಆದರೆ ಹಾಗೆ ಇಟ್ಟುಕೊಂಡಾಗ ಮಗುವಿಗೆ ಹೋಗಬೇಕಾದ ಸತುವಿಗೆ ಅಡ್ಡಿಯಾಗಿ ಮಗುವಿನ ತೂಕ ಕುಂದಬಹುದು. ಸೀಸ ಮತ್ತು ಆರ್ಸೆನಿಕ್‌ಗಳು ಮಾಸನ್ನು ದಾಟಿ ನೇರವಾಗಿ ಮಗುವನ್ನು ಸೇರುತ್ತವೆ. ಸೀಸವು ಎಳೆಯ ಮಿದುಳಿಗೆ ಹಾನಿಕರ.

ಇಲ್ಲಿ ನಮ್ಮ ಆರೋಗ್ಯ ಸಹಾಯಕಿಯರು ಹಂಚುವ ಕಬ್ಬಿಣದ ಮಾತ್ರೆಯ ಮಾತು ಬರುತ್ತದೆ. ದೇಹದಲ್ಲಿ ಕಬ್ಬಿಣದ ಕೊರತೆಯಾದಾಗ ಕರುಳು ಕಬ್ಬಿಣಕ್ಕಾಗಿ ಬಾಗಿಲನ್ನು ಅಗಲವಾಗಿ ತೆರೆಯುತ್ತದೆ. ಆ ಬಾಗಿಲಿನಿಂದಲೇ ಕ್ಯಾಡ್ಮಿಯಂ, ಸೀಸಗಳೂ ಒಳನುಗ್ಗುತ್ತವೆ. ಆದುದರಿಂದ ರಕ್ತಹೀನತೆಯುಳ್ಳ ಸ್ತ್ರೀಯರು ಅದೇ ಊಟದಿಂದ ಹೆಚ್ಚು ಲೋಹವನ್ನು ಹೀರಿಕೊಳ್ಳುತ್ತಾರೆ. ಮಲ ಕಪ್ಪಾಗುತ್ತದೆಂದು, ವಾಕರಿಕೆ ಬರುತ್ತದೆಂದು ಮಾತ್ರೆಗಳನ್ನು ಗೂಡಿನಲ್ಲಿಟ್ಟು ಮರೆಯುವ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳಬೇಕು. ರಾತ್ರಿ ಊಟದ ನಂತರ ತೆಗೆದುಕೊಂಡರೆ ವಾಕರಿಕೆ ಅಷ್ಟಾಗಿ ಕಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ನೆನಪಿಸುವುದು ಗಂಡನ ಕೆಲಸವೆಂದು ನಮ್ಮ ಅಭಿಪ್ರಾಯ.

ಮಗು ಬೇಕೆಂದು ಬಯಸುವ ಮೊದಲೇ ತಂಬಾಕನ್ನು ಬಿಡುವುದು ಒಳ್ಳೆಯದು. ಬಿಟ್ಟ ಕೆಲವು ತಿಂಗಳುಗಳಲ್ಲಿಯೇ ರಕ್ತದಲ್ಲಿನ ಕ್ಯಾಡ್ಮಿಯಂ ಇಳಿಯತೊಡಗುತ್ತದೆ. ಒಂದು ಮಗುವಿಗೂ ಇನ್ನೊಂದು ಮಗುವಿಗೂ ನಡುವೆ ಮೂರು ವರ್ಷಗಳ ಅಂತರವಿರಬೇಕೆಂದು ಹೇಳುತ್ತ ಬಂದಿದ್ದೇವೆ. ತಾಯಿಯ ರಕ್ತ ಚೇತರಿಸಿಕೊಳ್ಳಲು, ತಂದೆ ಬೀಡಿಯನ್ನು ಬಿಟ್ಟು ಆ ನಿರ್ಧಾರದಲ್ಲಿ ನೆಲೆಗೊಳ್ಳಲು ಆ ಅವಧಿ ಸಾಕಾಗುತ್ತದೆ.

ಪಟ್ಟಣಕ್ಕೆ ದುಡಿಯಲು ಹೋಗಿ ಬರುವವರ ವಿಷಯದಲ್ಲಿ ಎರಡು ಮಾತು. ವೆಲ್ಡಿಂಗ್, ಕ್ರೋಮಿಯಂ ಲೇಪನ, ಹಳೆಯ ಬ್ಯಾಟರಿಗಳಿಂದ ಸೀಸ ತೆಗೆಯುವುದು ಇಂತಹ ಕೆಲಸಗಳಲ್ಲಿ ಹೊಗೆ ಮತ್ತು ಧೂಳಿನೊಡನೆ ಲೋಹಗಳು ದೇಹವನ್ನು ಸೇರುತ್ತವೆ. ವೆಲ್ಡಿಂಗ್ ಹೊಗೆಯೇ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವೆಂದು 2017ರಲ್ಲಿ ನಿರ್ಣಯವಾಗಿದೆ. ಮುಖಕವಚವನ್ನು ಕೇಳಿ ಪಡೆಯುವುದು ಕೆಲಸಗಾರನ ಹಕ್ಕು. ಕೆಲಸದ ಬಟ್ಟೆಯಲ್ಲಿಯೇ ಮಗುವನ್ನು ಎತ್ತಿಕೊಳ್ಳಬಾರದು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಮನೆಯಂಗಳದಲ್ಲಿ ಬ್ಯಾಟರಿ ಒಡೆಯುವುದಂತೂ ಕೂಡದು.

ಕೆಮ್ಮು ಬಂದಾಗ

ಎರಡು ವಾರಗಳಿಗಿಂತ ಹೆಚ್ಚು ಕಾಲ ಕೆಮ್ಮಿದ್ದರೆ, ಕಫದಲ್ಲಿ ರಕ್ತ ಕಂಡರೆ, ಧ್ವನಿ ಒಡೆದು ಸರಿಹೋಗದಿದ್ದರೆ, ಕಾರಣವಿಲ್ಲದೆ ದೇಹ ಸೊರಗುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸಾಮಾನ್ಯವಾಗಿ ಮೊದಲು ಕ್ಷಯದ ಪರೀಕ್ಷೆಯನ್ನು ಮಾಡುತ್ತಾರೆ. ಅದು ಉಚಿತ ಮತ್ತು ಅಗತ್ಯ. ಆದರೆ ಕ್ಷಯದ ಲಕ್ಷಣಗಳೂ ಶ್ವಾಸಕೋಶದ ಕ್ಯಾನ್ಸರ್‌ನ ಲಕ್ಷಣಗಳೂ ಒಂದನ್ನೊಂದು ಹೋಲುತ್ತವೆ. ಕಫದಲ್ಲಿ ಕ್ಷಯದ ಕ್ರಿಮಿ ಸಿಗದಿದ್ದರೂ ಕ್ಷಯವೆಂದೇ ಭಾವಿಸಿ ತಿಂಗಳುಗಟ್ಟಲೆ ಔಷಧಿ ನುಂಗಿ, ಕೊನೆಗೆ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿದ ರೋಗಿಗಳು ನಮ್ಮ ದೇಶದಲ್ಲಿ ಕಡಿಮೆಯೇನಿಲ್ಲ. ಹಾಗೆಂದು ವೈದ್ಯರು ಕೊಟ್ಟ ಕ್ಷಯದ ಔಷಧಿಯನ್ನು ನೀವಾಗಿ ನಿಲ್ಲಿಸಬಾರದು. ಔಷಧಿ ಆರಂಭಿಸಿ ಎರಡು ತಿಂಗಳಾದರೂ ಗುಣ ಕಾಣದಿದ್ದರೆ, ಅದರಲ್ಲಿಯೂ ರೋಗಿಯು ಬಹುಕಾಲ ಬೀಡಿ ಸೇದಿದವನಾಗಿದ್ದರೆ, ಬೇರೆ ಕಾಯಿಲೆಯೇನಾದರೂ ಇರಬಹುದೇ ಎಂದು ವೈದ್ಯಾಧಿಕಾರಿಗಳನ್ನು ಸಂಕೋಚವಿಲ್ಲದೆ ಕೇಳಿ, ಎದೆಯ ಚಿತ್ರ ಮತ್ತು ಮುಂದಿನ ಪರೀಕ್ಷೆಗಳಿಗಾಗಿ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಎಂದೂ ಹೊಗೆ ಸೇದದ ಸ್ತ್ರೀಯರಿಗೂ ಈ ರೋಗ ಬರುವುದುಂಟು. ಹೆಂಗಸಿಗೆ ಇದು ಬಾರದೆಂದು ಮನೆಯವರು ತಳ್ಳಿಹಾಕಬಾರದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಕ್ಯಾನ್ಸರ್‌ಗೆಂದೇ ಮೀಸಲಾದ ಚಿಕಿತ್ಸೆ ದೊರೆಯುತ್ತದೆ.

ಇಷ್ಟು ವರ್ಷ ಸೇದಿಯಾಯಿತು, ಇನ್ನು ಬಿಟ್ಟೇನು ಫಲ ಎಂದು ಹೇಳುವವರು ಬಹಳ. ಬಿಟ್ಟ ಹತ್ತು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ ಸಂಭವವು ಸೇದುತ್ತಲೇ ಇರುವವನಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಲವತ್ತರಲ್ಲಿ ಬಿಟ್ಟವನಿಗೆ ಐವತ್ತರಲ್ಲಿ ಮಗಳ ಮದುವೆ ಮಾಡುವ ಯೋಚನೆಯಿರುತ್ತದೆಯಲ್ಲವೇ? ಮೊದಲ ಒಂದೆರಡು ವಾರ ಸಿಡುಕು, ನಿದ್ರೆ ಬಾರದಿರುವುದು, ಕೈಗೆ ಏನೋ ಬೇಕೆನಿಸುವುದು ಸಹಜ. ಆ ದಿನಗಳಲ್ಲಿ ಮನೆಯವರು ಮೂದಲಿಸಬಾರದು, ಹಳೆಯ ಮಾತು ತೆಗೆಯಬಾರದು. ತಂಬಾಕು ಬಿಡಲು ಇಚ್ಛಿಸುವವರಿಗೆ ಸಲಹೆ ಕೊಡುವ ರಾಷ್ಟ್ರೀಯ ದೂರವಾಣಿ ಸಂಖ್ಯೆ 1800-11-2356. ಕರೆಗೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಹೆಂಡತಿಯೂ ಪಕ್ಕದಲ್ಲಿ ಕುಳಿತು ಕೇಳಬಹುದು.